ಓದದೆ ಬಿಟ್ಟ ನಾಲ್ಕು ಸಾಲು

ಗುರುಗಳ ಪತ್ರವನ್ನು ಗುಡಿಯಲ್ಲಿ ಎಲ್ಲರೆದುರು ಓದುವಾಗ ನಾನು ನಾಲ್ಕು ಸಾಲು ಬಿಟ್ಟು ಓದಿದೆ. ಕಣ್ಣು ತಪ್ಪಿ ಬಿಟ್ಟದ್ದಲ್ಲ. ಹಿಂದಿನ ದಿನವೇ ಎರಡು ಸಲ ಓದಿ, ಎಲ್ಲಿ ನಿಲ್ಲಿಸಬೇಕು, ಮತ್ತೆ ಎಲ್ಲಿಂದ ಹಿಡಿಯಬೇಕು ಎಂದು ನೋಡಿಕೊಂಡು, ದನಿ ಕಡಿಯದಂತೆ ಅಭ್ಯಾಸ ಮಾಡಿಕೊಂಡೇ ಬಿಟ್ಟದ್ದು. ಇದು ನಡೆದು ಆರು ವರ್ಷವಾಯಿತು. ಆ ನಾಲ್ಕು ಸಾಲು ಯಾರಿಗಾಗಿ ಬಂದಿದ್ದವೋ ಅವರಲ್ಲಿ ಒಬ್ಬಳು ಅದನ್ನು ಕೇಳದೆಯೇ ಮಣ್ಣಾದಳು.

ನನ್ನ ಹೆಸರು ರಾಯಪ್ಪ. ಶ್ರೀರಂಗಪಟ್ಟಣಕ್ಕೆ ಸ್ವಲ್ಪ ಮೇಲೆ, ಕಾವೇರಿಯ ದಕ್ಷಿಣದ ದಡದಲ್ಲಿ ನಮ್ಮ ಕ್ರೈಸ್ತರ ಕೇರಿ. ಇಪ್ಪತ್ತು ಮನೆ, ಹುಲ್ಲು ಹೊದಿಸಿದ ಒಂದು ಗುಡಿ. ನಾನು ಇಲ್ಲಿಯ ಉಪದೇಶಿ. ಗುರುಗಳು ಇಲ್ಲದಾಗ ಗಂಟೆ ಹೊಡೆದು ಜಪ ನಡೆಸುವುದು, ಮಕ್ಕಳಿಗೆ ಮಂತ್ರ ಕಲಿಸುವುದು, ಸತ್ತವರನ್ನು ಮಣ್ಣು ಮಾಡಿಸುವುದು ಉಪದೇಶಿಯ ಕೆಲಸ. ಯುದ್ಧದ ಕಾಲದಲ್ಲಿ ಘಟ್ಟದ ಕೆಳಗೆ ಹೋದ ಗುರುಗಳಿಗೆ ಮರಳಲಾಗಲಿಲ್ಲ. ಅಂದಿನಿಂದ ಈ ಕೇರಿಗೆ ನಾನೇ ಗಂಟೆ, ನಾನೇ ಮಂತ್ರ. ಬಿಸಿಲು ಗುಡಿಯ ಹೊಸ್ತಿಲು ಮುಟ್ಟಿದ ಕೂಡಲೇ ಮೊದಲ ಗಂಟೆ. ನೆತ್ತಿಗೆ ಬಂದಾಗ ಎರಡನೆಯದು. ದನ ಕೊಟ್ಟಿಗೆ ಸೇರುವಾಗ ಮೂರನೆಯದು. ಜ್ವರ ಬಂದರೂ ತಪ್ಪಿಸಿದವನಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ — ಅಲ್ಲ, ಅಂದು ಅದು ಹೆಮ್ಮೆಯೇ ಆಗಿತ್ತು. ನನ್ನ ತಪ್ಪಿನ ಬೇರು ಅಲ್ಲೇ ಇರುವುದರಿಂದ ಹೇಳುತ್ತಿದ್ದೇನೆ.

ಚೌರಪ್ಪ ನನ್ನ ಬಾಲ್ಯದ ಗೆಳೆಯ. ಬಡಗಿ. ಅವನ ತಾತ ಆಚಾರಿ ಕುಲದಿಂದ ನಮ್ಮ ಮತಕ್ಕೆ ಬಂದವನು. ನಾವಿಬ್ಬರೂ ಒಂದೇ ಗುರುಗಳ ಕೈಯಲ್ಲಿ ಮಂತ್ರ ಕಲಿತೆವು. ನಾನು ಗಂಟೆಗೆ ಮುಂಚೆ ಹೋಗಿ ಕೂರುತ್ತಿದ್ದೆ. ಅವನು ಪ್ರಾರ್ಥನೆ ಅರ್ಧವಾದ ಮೇಲೆ ತಲೆಯಲ್ಲಿ ಮರದ ಹೊಟ್ಟು ಹೊತ್ತು ಬಂದು, ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಎನ್ನುತ್ತಿದ್ದ. ಗುರುಗಳು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಗುರುಗಳು ಹೋದ ಮೇಲೆ ಕೇರಿ ಸಡಿಲವಾಯಿತು. ಯುದ್ಧ, ಬೆಳೆ ಇಲ್ಲ, ಕೆಲಸ ಇಲ್ಲ. ಸಿಂಧಘಟ್ಟದ ಕಡೆಗೆ ಹೋದ ಇನ್ನಾಸಪ್ಪನ ಮನೆಯವರು ಮತ ಬಿಟ್ಟು ಹೆಸರನ್ನೇ ಬದಲಾಯಿಸಿಕೊಂಡರು. ಚೌರಪ್ಪನಿಗೆ ಹೊಳೆಯಾಚೆ ಹಿರೋಡೆಯಲ್ಲಿ ಗಾಡಿ ಮಾಡುವ ಆಚಾರಿ ನಂಟರು ಕೆಲಸ ಕೊಟ್ಟರು, ಇರಲು ಮನೆ ಕೊಟ್ಟರು. ಕುಲಕ್ಕೆ ಮರಳಿದವನು ಎಂದು ಜನಿವಾರ ಹಾಕಿಸಿದರು. ಹಾಕಿಸಿಕೊಂಡ. ಹೆಂಡತಿ ಜ್ಞಾನಮ್ಮ ಮಾತ್ರ ಜಪಸರವನ್ನು ಕಾಳಿನ ಮಡಕೆಯಲ್ಲಿ ಇಟ್ಟುಕೊಂಡು ನಿತ್ಯ ಎಣಿಸುತ್ತಿದ್ದಳಂತೆ. ಅವನು ಕಂಡೂ ಕಾಣದಂತೆ ಇರುತ್ತಿದ್ದ.

ನಾನು ಅವನನ್ನು ಬಿಡಲಿಲ್ಲ. ತಿಂಗಳಿಗೊಮ್ಮೆ ಹರಿಗೋಲು ಹತ್ತಿ ಹೊಳೆ ದಾಟಿ ಹಿರೋಡೆಗೆ ನಡೆಯುತ್ತಿದ್ದೆ. ಚಕ್ರಕ್ಕೆ ಆರೆಕಾಲು ಕೂರಿಸುತ್ತಿದ್ದವನು ನನ್ನನ್ನು ದೂರದಿಂದಲೇ ಕಂಡು ಕೂಗುತ್ತಿದ್ದ:

“ಬಂದ್ಯಾ ಗಂಟೆ ರಾಯ? ಈ ತಿಂಗ್ಳು ನನ್ ಪಾಪ ಎಷ್ಟಾದೊ ಏಳ್ಬುಡ್ಲಾ, ಕೆಲ್ಸ ಅದೆ.”

“ಭಾನುವಾರ ಒಂದು ದಿನ ಬಂದು ಹೋಗೋ.”

“ಭಾನ್ವಾರ ಎತ್ತು ಗಾಡಿ ಎಳೆಯಲ್ವಾ? ನಿಮ್ ದೇವ್ರು ಎತ್ತಿಗೆ ಅಪ್ಣೆ ಕೊಡ್ಲಿ, ಆಮೇಲ್ ಬತ್ತೀನಿ.”

ಸುತ್ತಲಿದ್ದವರು ನಗುತ್ತಿದ್ದರು. ನಾನು ಕೆಂಪಾಗಿ ಮರಳುತ್ತಿದ್ದೆ. ಆದರೂ ಮುಂದಿನ ತಿಂಗಳು ಹೋಗುತ್ತಿದ್ದೆ. ಗೆಳೆಯನ ಆತ್ಮ ಉಳಿಯಲಿ ಎಂದು ಹೋಗುತ್ತಿದ್ದೆನೇ, ಅಥವಾ ನನ್ನ ಪಟ್ಟಿಯಲ್ಲಿ ಒಂದು ತಲೆ ಕಡಿಮೆಯಾಗಿದ್ದು ಕಣ್ಣಿಗೆ ಚುಚ್ಚುತ್ತಿತ್ತೆಂದೇ — ಎರಡೂ ಇರಬಹುದು. ಎರಡನ್ನೂ ಬೇರೆ ಮಾಡಲು ನನಗೆ ಇಂದಿಗೂ ಆಗಿಲ್ಲ.

ಶ್ರೀರಂಗಪಟ್ಟಣದ ಹಿಂದಿನ ಮುತ್ತಿಗೆ ಮುಗಿದ ಮರುವರ್ಷ ಜ್ಞಾನಮ್ಮನಿಗೆ ಎದೆಯ ಕಾಯಿಲೆ ಹಿಡಿಯಿತು. ಗಂಟೆ ಕೇಳುವಷ್ಟು ಹತ್ತಿರ ಇರಬೇಕೆಂದು ಹಟ ಮಾಡಿ ನಮ್ಮ ಕೇರಿಯಲ್ಲಿದ್ದ ಅಕ್ಕನ ಮನೆಗೆ ಬಂದಳು. ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದವನು ಚೌರಪ್ಪನೇ. ಅವತ್ತು ಅವನು ತಮಾಷೆ ಮಾಡಲಿಲ್ಲ. ಗುಡಿಯ ಹಿಂದೆ ನನ್ನನ್ನು ಕರೆದು ಹೇಳಿದ:

“ಅವ್ಳಿಗೆ ಒಂದೇ ಆಸೆ ಕಣ್ಲಾ. ನಾನು ಗುಡೀಲಿ ಅವ್ಳ ಪಕ್ಕ ಕೂತು ಮಂತ್ರ ಏಳ್ಬೇಕಂತೆ. ಓಗೋವಾಗ ನಾನೇ ಎಗ್ಲು ಕೊಡ್ಬೇಕಂತೆ. ಅದ್ಕೆ ನಾನ್ ಏನ್ ಮಾಡ್ಬೇಕು ಏಳು.”

ನಮ್ಮಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಬಿಟ್ಟುಹೋಗಿ ಮರಳಿ ಬಂದವನು ಏಳು ಭಾನುವಾರ ಗುಡಿಯ ಹೊಸ್ತಿಲಾಚೆ, ಕೈಯಲ್ಲಿ ಮರದ ಶಿಲುಬೆ ಹಿಡಿದು, ಗಂಟೆಯಿಂದ ಜಪ ಮುಗಿಯುವವರೆಗೆ ನಿಲ್ಲಬೇಕು. ಒಳಗೆ ಹೋಗುವವರೆಲ್ಲ ಅವನನ್ನು ದಾಟಿ ಹೋಗುತ್ತಾರೆ, ಯಾರೂ ಮಾತಾಡಿಸುವಂತಿಲ್ಲ. ವಾರಕ್ಕೊಂದು ಸುಣ್ಣದ ಗೆರೆಯನ್ನು ಉಪದೇಶಿ ಬಾಗಿಲ ಚೌಕಟ್ಟಿನ ಮೇಲೆ ಎಳೆಯುತ್ತಾನೆ. ಏಳು ಗೆರೆ ತುಂಬಿದರೆ ಒಳಗೆ. ಅಲ್ಲಿಯವರೆಗೆ ಜಪಕ್ಕೆ ಕೂರುವಂತಿಲ್ಲ, ನಮ್ಮವರ ಹೆಣಕ್ಕೆ ಹೆಗಲು ಕೊಡುವಂತಿಲ್ಲ, ಗೋರಿಗೆ ಮಣ್ಣು ಹಾಕುವಂತಿಲ್ಲ.

ಆದರೆ ಇದು ಹೆಂಡತಿ ಸಾಯುತ್ತಿರುವವನ ಮಾತು. ನಾನೇ, “ಗುರುಗಳಿಗೆ ಬರೆದು ಕೇಳುತ್ತೇನೆ” ಎಂದೆ. ಬರೆದೆ. ಬರೆಯುವಾಗಲೂ ಕಟ್ಟಳೆಯನ್ನು ಸಡಿಲಿಸಬಾರದೆಂದು ನನ್ನ ಕಡೆಯ ನ್ಯಾಯವನ್ನೆಲ್ಲ ಸೇರಿಸಿ ಬರೆದೆ. ಎಲೆ ವ್ಯಾಪಾರದವನೊಬ್ಬನ ಕೈಯಲ್ಲಿ ಕಳಿಸಿದೆ. ತಿಂಗಳೊಳಗೆ ಅವನೇ ಉತ್ತರ ತಂದ.

ಪತ್ರದಲ್ಲಿ ಕೇರಿಯ ಎಲ್ಲರಿಗೂ ಆಶೀರ್ವಾದವಿತ್ತು. ಉಪವಾಸದ ದಿನಗಳ ಮಾತಿತ್ತು. ನಡುವೆ ಈ ನಾಲ್ಕು ಸಾಲು:

“ಹಸಿವಿಗೋ ಹೆದರಿಕೆಗೋ ಬಿಟ್ಟುಹೋಗಿ ಮತ್ತೆ ಬರುವವರನ್ನು ಬಾಗಿಲಲ್ಲಿ ನಿಲ್ಲಿಸಬೇಡ. ಬಂದ ದಿನವೇ ಒಳಗೆ ಕರೆದು ಅವರ ಮನೆಯವರ ಪಕ್ಕ ಕೂರಿಸು. ಏಳು ವಾರದ ಕಟ್ಟಳೆ ಈ ಕಾಲಕ್ಕೆ ಬೇಡ, ಅವರ ಪಾಪನಿವೇದನೆ ನಾನು ಬಂದಾಗ ಕೇಳುತ್ತೇನೆ. ನಿನ್ನ ಕೆಲಸ ಗಂಟೆ ಹೊಡೆಯುವುದು, ನ್ಯಾಯ ಹೇಳುವುದಲ್ಲ.”

ಕೊನೆಯ ಮಾತು ನನ್ನನ್ನು ಸುಟ್ಟಿತು. ಅಷ್ಟು ವರ್ಷ ಈ ಹುಲ್ಲಿನ ಗುಡಿಯನ್ನು ಬೀಳದಂತೆ ಹಿಡಿದವನು ನಾನು. ಸಿಪಾಯಿಗಳು ಓಡಾಡುವಾಗ ಗಂಟೆ ನಿಲ್ಲಿಸದವನು ನಾನು. ಚೌರಪ್ಪ ಗಾಡಿ ಮಾಡಿಕೊಂಡು, ನನ್ನನ್ನು ಹಾಸ್ಯ ಮಾಡಿಕೊಂಡು ಇದ್ದು, ಒಂದು ಬೆಳಿಗ್ಗೆ ಬಂದು ಚಾಪೆಯ ಮೇಲೆ ಕೂತುಬಿಟ್ಟರೆ — ಹಾಗಾದರೆ ನಾನು ಮಾಡಿದ್ದೇನು? ಇದೇ ನನ್ನ ಯೋಚನೆ. ಅದಕ್ಕೆ ಚೆಂದದ ಬಟ್ಟೆಯನ್ನೂ ತೊಡಿಸಿದೆ: ಗುರುಗಳಿಗೆ ಇಲ್ಲಿಯ ಸ್ಥಿತಿ ಗೊತ್ತಿಲ್ಲ, ಬಿಗಿಯಾಗಿ ಉಳಿದವರ ಮನಸ್ಸು ಒಡೆಯುತ್ತದೆ, ಇನ್ನೂ ನಾಲ್ಕು ಮನೆ ಹೋಗುತ್ತವೆ. ಕೇರಿಯಲ್ಲಿ ಓದುಬಲ್ಲವನು ನಾನೊಬ್ಬನೇ. ಭಾನುವಾರ ಓದಿದೆ. ಉಪವಾಸದ ಮಾತಿನಿಂದ ನೇರ ಆಶೀರ್ವಾದಕ್ಕೆ ಹಾರಿದೆ.

ಜಪ ಮುಗಿದ ಮೇಲೆ ಜ್ಞಾನಮ್ಮ ಗೋಡೆ ಹಿಡಿದು ನಡೆದುಕೊಂಡು ಬಂದು ಕೇಳಿದಳು:

“ರಾಯಣ್ಣ, ಗುರುಗಳು ನಮ್ಮನೆಯೋರ ವಿಸ್ಯ ಏನೂ ಬರ್ದಿಲ್ವಾ?”

“ಇಲ್ಲಮ್ಮ,” ಎಂದೆ.

ಅವಳು ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡಿದಳು. ಓದಲು ಬಾರದ ಕಣ್ಣು. “ಅಂಗಾರೆ ಏಳು ವಾರ ತಾನೆ,” ಎಂದಳು. “ಇರ್ತೀನಿ ಬುಡಿ.”

ಚೌರಪ್ಪ ನಿಂತ. ಆ ಚೌಕಟ್ಟು ಅವನೇ ಮದುವೆಗೆ ಮುಂಚೆ ಮಾಡಿಕೊಟ್ಟದ್ದು. ಮೊದಲ ವಾರ ನಾನು ಸುಣ್ಣದ ಗೆರೆ ಎಳೆಯುವಾಗ ಮೆಲ್ಲಗೆ, “ಗೆರೆ ಸೊಟ್ಟಗಾಯ್ತು ಕಣ್ಲಾ,” ಎಂದ. ಮಾತಾಡಬಾರದು ಎಂದು ಕಣ್ಣಿನಲ್ಲೇ ಗದರಿದೆ. ಜ್ಞಾನಮ್ಮ ಬಾಗಿಲ ಪಕ್ಕದಲ್ಲೇ ಒಳಗೆ ಚಾಪೆ ಹಾಕಿಸಿಕೊಂಡಳು. ಅವಳು ಹೊಸ್ತಿಲ ಈಚೆ, ಅವನು ಆಚೆ. ನಡುವೆ ಒಂದು ಗೇಣು. ಅವಳು ಮಂತ್ರ ಹೇಳುವಾಗ ಅವನ ತುಟಿಯೂ ಅಲ್ಲಾಡುತ್ತಿತ್ತು. ನಾನು ನೋಡಿಯೂ ಬಿಟ್ಟೆ — ಅಷ್ಟು ದೊಡ್ಡತನ ತೋರಿಸಿದೆನೆಂದು ಒಳಗೊಳಗೇ ಬೀಗಿದೆ.

ಮೂರನೆಯ ವಾರದ ಹೊತ್ತಿಗೆ ಸುದ್ದಿ ಹಿರೋಡೆಗೆ ಮುಟ್ಟಿತು. ಕುಲ ಬಿಟ್ಟು ಕಿರಿಸ್ತಾನರ ಬಾಗಿಲಲ್ಲಿ ನಿಂತವನಿಗೆ ಕೆಲಸವಿಲ್ಲ ಎಂದರು ನಂಟರು. ಉಳಿ, ಬಾಚಿಗಳನ್ನು ಗಂಟು ಕಟ್ಟಿಕೊಂಡು ಮನೆಯಿಂದ ಹೊರಬಂದ. ಹೊಳೆಯಾಚೆಯೇ ಯಾರದೋ ಕೊಟ್ಟಿಗೆಯಲ್ಲಿ ಮಲಗುತ್ತ, ಸಿಕ್ಕಿದ ಕೂಲಿ ಮಾಡುತ್ತ, ನಾಲ್ಕನೆಯ ವಾರ ಬಂದ, ಐದನೆಯ ವಾರವೂ ಬಂದ. ಗುಟ್ಟಾಗಿ ಒಳಗೆ ಕೂರಿಸಿದ್ದರೆ ಆ ಕೆಲಸವೂ ಉಳಿಯುತ್ತಿತ್ತು. ಗುರುಗಳು ಅದನ್ನೂ ಯೋಚಿಸಿಯೇ ಬರೆದಿದ್ದರೇನೋ. ನಾನು ಯೋಚಿಸಲಿಲ್ಲ. ಗೆರೆ ಎಣಿಸುತ್ತಿದ್ದೆ.

ಆರನೆಯ ಭಾನುವಾರ ಕಾವೇರಿ ತುಂಬಿ ಬಂತು. ಕೊಡಗಿನಲ್ಲಿ ಸುರಿದದ್ದು ಇಲ್ಲಿ ಕೆಂಪಾಗಿ ಹರಿಯುತ್ತಿತ್ತು. ಬಿಸಿಲು ಹೊಸ್ತಿಲು ಮುಟ್ಟಿತು, ಗಂಟೆ ಹೊಡೆದೆ. ಚೌರಪ್ಪ ಇರಲಿಲ್ಲ. ಜ್ಞಾನಮ್ಮನನ್ನು ಆ ಹೊತ್ತಿಗೆ ಇಬ್ಬರು ಎತ್ತಿ ತರಬೇಕಾಗಿತ್ತು. ಅವಳು ಮಂತ್ರ ಹೇಳಲಿಲ್ಲ, ಹೊರಗೇ ನೋಡುತ್ತಿದ್ದಳು. ಜಪ ಮುಗಿಯಿತು, ಜನ ಎದ್ದರು. ಅವಳು ಏಳಲೊಲ್ಲೆ ಎಂದಳು. ಅಕ್ಕ ಪಕ್ಕದಲ್ಲಿ ಕೂತಳು. ಮಧ್ಯಾಹ್ನದ ಗಂಟೆಗೆ ನಾನು ಹಗ್ಗ ಹಿಡಿಯುತ್ತಿದ್ದಾಗ ಅವನು ಬಂದ — ಸೊಂಟದವರೆಗೆ ಕೆಸರು, ಮೊಣಕಾಲು ಒಡೆದು ರಕ್ತ. ಹರಿಗೋಲಿನವರು ಹುಟ್ಟು ಹಾಕಲು ಒಪ್ಪಿರಲಿಲ್ಲ. ದಡದಲ್ಲೇ ಮೇಲಕ್ಕೆ ನಡೆದು, ಬಂಡೆಗಳಿರುವ ಕಡೆ ಹೇಗೋ ಯಾರನ್ನೋ ಕಾಡಿ ಬೇಡಿ ದಾಟಿದ್ದ. ಶಿಲುಬೆ ತೆಗೆದುಕೊಂಡು ತನ್ನ ಜಾಗದಲ್ಲಿ ನಿಂತ.

ನಾನು ಹೊರಗೆ ಬಂದು ಹೇಳಿದೆ: “ಜಪ ಮುಗಿಯಿತು. ನಡುವೆ ಒಂದು ವಾರ ತಪ್ಪಿದರೆ ಮೊದಲಿಂದ ಎಣಿಸಬೇಕು. ಕಟ್ಟಳೆ.”

ಅವನು ನನ್ನ ಮುಖವನ್ನೇ ನೋಡಿದ.

“ಒಳೆ ಬಂದದೆ ಕಣ್ಲಾ.”

“ಕಂಡೆ.”

“ನಿನ್ ಕಟ್ಳೆಯ ಒಳೆಗೂ ಒಸಿ ಓದಿ ಏಳ್ಬೇಕಾಗಿತ್ತು,” ಎಂದ. ಎಂದಿನ ತಮಾಷೆಯ ಮಾತೇ, ಆದರೆ ದನಿಯಲ್ಲಿ ಏನೂ ಇರಲಿಲ್ಲ.

ಒಳಗಿಂದ ಜ್ಞಾನಮ್ಮ ಕರೆದಳು. “ರಾಯಣ್ಣ… ಐದು ಗೆರೆ ಆಗವಲ್ಲಾ. ಆ ಐದು ಇರ್ಲಿ ಬುಡಿ.”

ನಾನು ಒದ್ದೆ ಬಟ್ಟೆ ತಂದು ಐದೂ ಗೆರೆಗಳನ್ನು ಒರೆಸಿದೆ. ಇಬ್ಬರ ಕಣ್ಣೆದುರೇ. ಪತ್ರ ಆಗ ಮನೆಯ ಪೆಟ್ಟಿಗೆಯಲ್ಲಿತ್ತು. ಓಡಿಹೋಗಿ ತಂದು ಓದಲು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನಾನು ಈ ಆರು ವರ್ಷದಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ನಡೆದಿದ್ದೇನೆ — ಅದರಿಂದ ಯಾರಿಗೇನು.

ಆ ಗುರುವಾರ ಅವಳು ಹೋದಳು.

ನಾನು ಮಣ್ಣು ಮಾಡಿಸಿದೆ. ಮಂತ್ರಗಳನ್ನು ಒಂದೂ ಬಿಡದೆ ಹೇಳಿದೆ. ಹೆಗಲು ಕೊಟ್ಟವರು ಕೇರಿಯ ನಾಲ್ವರು. ಚೌರಪ್ಪ ಹೆಣದ ಹಿಂದೆ ದೂರದಲ್ಲಿ ನಡೆದುಬಂದು ಗೋರಿಜಾಗದ ಮುಳ್ಳುಬೇಲಿಯ ಹೊರಗೆ ನಿಂತ. ಒಳಗೆ ಬಾ ಎಂದು ಯಾರೋ ಕೈಸನ್ನೆ ಮಾಡಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಷ್ಟೇ ಸಾಕಾಯಿತು. ಎಲ್ಲ ಮುಗಿದು ನಾವು ಹೊರಗೆ ಬರುವಾಗ ಅವನು ಬಲಗೈ ಮುಷ್ಟಿ ಕಟ್ಟಿಕೊಂಡು ನಿಂತಿದ್ದ. ಬೇಲಿಯ ಆಚೆಯಿಂದಲೇ ಬಾಚಿಕೊಂಡ ಮಣ್ಣು. ಹಾಕಲು ಜಾಗವಿರಲಿಲ್ಲ. ಅದನ್ನು ಹಿಡಿದುಕೊಂಡೇ ಹೊಳೆಯ ಕಡೆ ನಡೆದುಹೋದ.

ಮತ್ತೆ ಬರಲಿಲ್ಲ. ನಾಗಮಂಗಲದ ಕಡೆ ದೇವಲಾಪುರದಲ್ಲಿ ಅವನ ದೂರದ ನಂಟರು ಇದ್ದರು. ಅವರು ಸೇರಿಸಿಕೊಂಡರೆಂದು ಕೇಳಿದೆ. ಅವರೂ ಕುಲಕಟ್ಟಳೆಯವರೇ. ಆದರೆ ಒಂದು ದಿನವೂ ಬಾಗಿಲಲ್ಲಿ ನಿಲ್ಲಿಸಲಿಲ್ಲವಂತೆ.

ಅವನು ಬಿದ್ದದ್ದು ಅವನ ತಪ್ಪು, ನಾನು ದಾರಿ ತೋರಿಸಿದೆ, ಅವನು ಪೂರ್ತಿ ಮಾಡಲಿಲ್ಲ — ಕೇರಿಯವರಿಗೆ ಇದನ್ನೇ ಹೇಳಿದೆ. ನನಗೂ ಇದನ್ನೇ ಹೇಳಿಕೊಂಡೆ. ಮಕ್ಕಳಿಗೆ ಪಾಠ ಮಾಡುವಾಗ ಅವನನ್ನು ಉದಾಹರಣೆಯಾಗಿಯೂ ಬಳಸಿದೆ; ಆ ನಾಚಿಕೆಗೆಟ್ಟ ಮಾತನ್ನೂ ಇಲ್ಲಿ ಬರೆದುಬಿಡಬೇಕು. ಸಿಂಧಘಟ್ಟದ ಇನ್ನಾಸಪ್ಪ ಒಮ್ಮೆ ಹೇಳಿಕಳಿಸಿದ್ದ, ಮರಳಿ ಬರಬಹುದೇ ಎಂದು. ಏಳು ವಾರ ಎಂದು ಹೇಳಿಕಳಿಸಿದೆ. ಅವನು ಬರಲೇ ಇಲ್ಲ.

ಈ ವರ್ಷ ಶ್ರೀರಂಗಪಟ್ಟಣದ ಕೋಟೆ ಬಿತ್ತು. ದಾರಿಗಳು ತೆರೆದವು. ಘಟ್ಟದ ಕೆಳಗಿಂದ ಸುದ್ದಿ ಬಂತು: ನಮ್ಮ ಗುರುಗಳು ತೀರಿಕೊಂಡಿದ್ದಾರೆ, ಬೇರೊಬ್ಬರು ಬರಲಿದ್ದಾರೆ. ಇದನ್ನು ಕೇಳಿದಾಗ ಮೊದಲು ನನ್ನೊಳಗೆ ಎದ್ದದ್ದು ದುಃಖವಲ್ಲ. ಇನ್ನು ಆ ಪತ್ರದ ವಿಷಯ ಯಾರಿಗೂ ತಿಳಿಯುವುದಿಲ್ಲ ಎಂಬ ನೆಮ್ಮದಿ. ಆ ನೆಮ್ಮದಿ ಹೇಗಿತ್ತೆಂದರೆ… ಬಾಯಲ್ಲಿ ಏನೋ ಕೊಳೆತದ್ದು ಸಿಕ್ಕಂತೆ. ಮರುದಿನ ಬೆಳಗಿನ ಗಂಟೆ ಹೊಡೆದು, ಪತ್ರ ಮಡಿಚಿ ಸೊಂಟಕ್ಕೆ ಸಿಕ್ಕಿಸಿ, ದೇವಲಾಪುರದ ದಾರಿ ಹಿಡಿದೆ. ಉಳಿದ ಎರಡು ಗಂಟೆ ಅವತ್ತು ಯಾರೂ ಹೊಡೆಯಲಿಲ್ಲ.

ಎರಡನೆಯ ದಿನ ತಲುಪಿದೆ. ಚೌರಪ್ಪ ಹುಣಸೆಮರದ ಕೆಳಗೆ ನೇಗಿಲಿಗೆ ಈಸಿನ ಉದ್ದ ಮರ ಕೂರಿಸುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಗಂಟೆ ರಾಯನಾ? ಇಷ್ಟ್ ದೂರ ಬಂದ್ಬುಟ್ಯಾ! ಅಲ್ಲಿ ಗಂಟೆ ಯಾರ್ಲಾ ಒಡೀತಾವ್ರೆ?”

ನಾನು ಕೂರಲಿಲ್ಲ. ನಿಂತೇ ಹೇಳಿದೆ — ಪತ್ರ ಬಂದದ್ದು, ಬಿಟ್ಟು ಓದಿದ್ದು, ಜ್ಞಾನಮ್ಮ ಕೇಳಿದ್ದು, ನಾನು ಇಲ್ಲ ಎಂದದ್ದು. ಆಮೇಲೆ ಆ ನಾಲ್ಕು ಸಾಲು ಓದಿದೆ. ಅವನು ಕೈಯಲ್ಲಿದ್ದ ಬಾಚಿಯನ್ನು ಕೆಳಗಿಟ್ಟ.

“ಇನ್ನೊಂದ್ಸಲ ಓದು.”

ಓದಿದೆ.

“ಪಕ್ಕ ಕೂರ್ಸು ಅಂತ ಬರ್ದವ್ರಾ?”

“ಬರೆದಿದ್ದಾರೆ.”

“ಓಲೆ ಬಂದಾಗ ಅವ್ಳು ನಡ್ಕೊಂಡು ಓಡಾಡ್ತಿದ್ಲು, ಅಲ್ವಾ?”

“ಗೋಡೆ ಹಿಡಿದು ನಡೆಯುತ್ತಿದ್ದಳು.”

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ.

“ಅದ ಕೇಳ್ಬೇಡ. ಕೊಡೋದು ನಂತಾವ ಇಲ್ಲ. ಅವ್ಳ್ತಾವ ಇತ್ತು.” ಮತ್ತೆ ಬಾಚಿ ಎತ್ತಿಕೊಂಡ. “ಸಿಂಧಘಟ್ಟದ ಇನ್ನಾಸಂಗೆ ಓದ್ದಾ ಇದ?”

“ಇಲ್ಲ. ಮೊದಲು ನಿನಗೆ…”

“ನಂಗೆ ಓದಿ ಏನ್ ಬಂತ್ಲಾ? ನಂದ್ ಮುಗೀತು. ಅವ್ನೆಂಡ್ರು ಇನ್ನೂ ಬದ್ಕವ್ಳೆ.”

ಮರಳಿ ಗುಡಿಗೆ ಬಾ ಎಂದು ನಾನು ಕೇಳಲಿಲ್ಲ. ಕೇಳುವ ಬಾಯಿ ನನ್ನದಾಗಿರಲಿಲ್ಲ. ಅವನು ತಲೆ ಎತ್ತದೆ ಕೆತ್ತುತ್ತಲೇ ಇದ್ದ. ನಾನು ಹೊರಟೆ.

ಮೊನ್ನೆ ಭಾನುವಾರ ಗುಡಿಯಲ್ಲಿ ಪತ್ರವನ್ನು ಪೂರ್ತಿ ಓದಿದೆ. ಹಿಂದೆ ಎಲ್ಲಿ ಹಾರಿದ್ದೆ, ಏಕೆ ಹಾರಿದ್ದೆ ಎಂದೂ ಹೇಳಿದೆ. ಯಾರೂ ಬೈಯಲಿಲ್ಲ. ಜ್ಞಾನಮ್ಮನ ಅಕ್ಕ ಎದ್ದು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದಳು. ಬಂದಿಲ್ಲ. ಅವಳಿಗೆ ಯಾರೂ ವಾರ ಎಣಿಸಬಾರದೆಂದು ಹೇಳಿದ್ದೇನೆ. ಗಂಟೆಯ ಹಗ್ಗವನ್ನು ಕೇರಿಯವರ ಕೈಗೆ ಒಪ್ಪಿಸಿದ್ದೇನೆ. ಹೊಸ ಗುರುಗಳು ಬಂದಾಗ ಕೇರಿಯವರೇ ಈ ಬರಹವನ್ನೂ ಅವರ ಕೈಗೆ ಕೊಡುತ್ತಾರೆ. ನನ್ನ ವಿಷಯ ಅವರು ಏನು ತೀರ್ಮಾನಿಸುತ್ತಾರೋ ಅದು.

ದೂರವಾದ ಗೆಳೆಯನನ್ನು ಕರೆತರಲು ಹೊರಡುವ ಯಾರಾದರೂ ಮುಂದೆ ಇದನ್ನು ಓದಬಹುದು. ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ನಾನು ಹಿರೋಡೆಗೆ ಅಷ್ಟು ಸಲ ನಡೆದೆ, ಅವನು ಬಂದ ದಿನ ಬಾಗಿಲು ಹಿಡಿದು ನಿಂತೆ. ನಡೆದದ್ದು ಇಷ್ಟು.

ನಾಳೆ ಬೆಳಿಗ್ಗೆ ಸಿಂಧಘಟ್ಟಕ್ಕೆ ಹೊರಡುತ್ತೇನೆ. ಇನ್ನಾಸಪ್ಪನನ್ನು ಕರೆಯಲು ಅಲ್ಲ. ಆ ನಾಲ್ಕು ಸಾಲು ಅವನಿಗೂ ಬಂದಿದ್ದವು. ಅವನ ಹೆಂಡತಿಗೂ ಕೇಳುವಂತೆ ಓದಿ ಬರಬೇಕು.